ರೈತನು ಗುರುತಿಸದ ಗೆಳೆಯ: ಹೂನೊಣ



ಕೀಟವೆಂದೊಡನೆ ನಮ್ಮ ಮನಸ್ಸಿಗೆ ಸಾಮಾನ್ಯವಾಗಿ ಎರಡು ವಿಚಾರಗಳು ಬರುತ್ತವೆ. ಒಂದು, ಅದು ಕಚ್ಚುತ್ತದೆ. ಇನ್ನೊಂದು, ಅದು ಬೆಳೆಯನ್ನು ತಿನ್ನುತ್ತದೆ. ಕಚ್ಚುವ ಹುಳುವನ್ನು ಕಂಡರೆ ದೂರ ಸರಿಯುತ್ತೇವೆ. ಬೆಳೆ ತಿನ್ನುವ ಹುಳುವನ್ನು ಕಂಡರೆ ಕೊಲ್ಲುತ್ತೇವೆ. ಈ ಎರಡೂ ಗುಂಪಿಗೆ ಸೇರದಿದ್ದರೂ ಎರಡು ಅಪವಾದಗಳನ್ನೂ ಹೊತ್ತುಕೊಂಡಿರುವ ಒಂದು ಕೀಟವಿದೆ. ರೆಕ್ಕೆ ಬಂದ ಮೇಲೆ ಅದನ್ನು ಜನರು ಕಣಜವೆಂದು ತಿಳಿದು ಹೆದರುತ್ತಾರೆ. ಮರಿಹುಳುವಾಗಿದ್ದಾಗ ಬೆಳೆಗೆ ಬಿದ್ದ ಹುಳುವೆಂದು ತಿಳಿದು ಸಾಯಿಸುತ್ತಾರೆ. ನಿಜವಾಗಿ ನೋಡಿದರೆ ಅದಕ್ಕೆ ಚುಚ್ಚುವ ಮುಳ್ಳೂ ಇಲ್ಲ, ಎಲೆಯನ್ನು ಕಡಿಯುವ ಹಲ್ಲೂ ಇಲ್ಲ. ಬದಲಾಗಿ ನಮ್ಮ ಬೆಳೆಯ ರಸವನ್ನು ಹೀರುವ ಹೇನುಗಳನ್ನು ಅದು ಹಗಲಿರುಳು ತಿಂದು ಮುಗಿಸುತ್ತದೆ. ಅದೇ ಹೂನೊಣ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆಯುವ ಮನೆಗಳಿಂದ ಬಂದವರು ನಮ್ಮಲ್ಲಿ ಅನೇಕರು. ಕುಸುಬಿಯ ಗಿಡಕ್ಕೆ ಹೇನು ಮುತ್ತಿದರೆ ಆ ವರ್ಷದ ಎಣ್ಣೆಕಾಳಿನ ಆಸೆ ಎಷ್ಟು ಬೇಗ ಕರಗುತ್ತದೆಂಬುದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದುದರಿಂದ ಈ ನೊಣದ ರೂಪ, ವಾಸ ಮತ್ತು ಜೀವನಚಕ್ರವನ್ನು ಅರಿಯುವುದು ಪರೀಕ್ಷೆಯ ಅಂಕಗಳಿಗಿಂತ ಹೆಚ್ಚಿನ ಪ್ರಯೋಜನವುಳ್ಳ ಕೆಲಸ.

೧. ಹೆಸರು ಮತ್ತು ಕುಲ

ಮನೆನೊಣ, ಸೊಳ್ಳೆ, ಹಣ್ಣಿನ ನೊಣ ಇವೆಲ್ಲ ಎರಡು ರೆಕ್ಕೆಯ ಕೀಟಗಳ ಗಣಕ್ಕೆ ಸೇರಿದವು. ಈ ಗಣವನ್ನು ಶಾಸ್ತ್ರಜ್ಞರು ಡಿಪ್ಟೆರಾ ಎನ್ನುತ್ತಾರೆ. ಅದರಲ್ಲಿ ಸಿರ್ಫಿಡೇ ಎಂಬುದು ಒಂದು ಕುಟುಂಬ. ಈ ಕುಟುಂಬದ ನೊಣಗಳನ್ನು ಕೃಷಿ ಪುಸ್ತಕಗಳಲ್ಲಿ ಸಿರ್ಫಿಡ್ ನೊಣಗಳೆಂದು ಬರೆಯುವುದು ರೂಢಿ. ಸದಾ ಹೂವಿನ ಮೇಲೆ ಕಾಣುವುದರಿಂದ ಹೂನೊಣವೆಂಬ ಹೆಸರು ಇವಕ್ಕೆ ಚೆನ್ನಾಗಿ ಒಪ್ಪುತ್ತದೆ. ಜಗತ್ತಿನಲ್ಲಿ ಸುಮಾರು ೬,೦೦೦ ಜಾತಿಯ ಹೂನೊಣಗಳನ್ನು ಈವರೆಗೆ ಗುರುತಿಸಲಾಗಿದೆ. ನಮ್ಮ ದೇಶದಲ್ಲಿಯೇ ೩೦೦ಕ್ಕೂ ಹೆಚ್ಚು ಜಾತಿಗಳಿವೆ.

ಈ ಲೇಖನದಲ್ಲಿ ಅವುಗಳಲ್ಲಿ ಒಂದನ್ನು ಆರಿಸಿಕೊಂಡಿದ್ದೇವೆ. ಅದರ ಶಾಸ್ತ್ರೀಯ ಹೆಸರು ಎಪಿಸಿರ್ಫಸ್ ಬಾಲ್ಟಿಯೇಟಸ್. ೧೭೭೬ರಲ್ಲಿ ಸ್ವೀಡನ್ ದೇಶದ ಕಾರ್ಲ್ ಡೆ ಗೀರ್ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದನು. ಬಾಲ್ಟಿಯೇಟಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ನಡುಪಟ್ಟಿ ಕಟ್ಟಿಕೊಂಡದ್ದು ಎಂದರ್ಥ. ನೊಣದ ಹೊಟ್ಟೆಯ ಮೇಲಿನ ಪಟ್ಟೆಗಳನ್ನು ನೋಡಿದವರಿಗೆ ಈ ಹೆಸರು ಏಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

೨. ರೂಪ

ಈ ನೊಣದ ಉದ್ದ ೯ರಿಂದ ೧೨ ಮಿಲಿಮೀಟರ್. ಮನೆನೊಣಕ್ಕಿಂತ ತುಸು ಉದ್ದ, ಆದರೆ ಸಪೂರ. ಎಲ್ಲ ಕೀಟಗಳಂತೆ ಇದರ ದೇಹದಲ್ಲಿಯೂ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಿವೆ. ಕಾಲುಗಳು ಆರು.

ತಲೆ: ತಲೆಯ ಬಹುಭಾಗವನ್ನು ಎರಡು ದೊಡ್ಡ ಕೆಂಗಂದು ಕಣ್ಣುಗಳೇ ಆವರಿಸಿವೆ. ಈ ಕಣ್ಣುಗಳಿಂದಲೇ ಗಂಡು ಹೆಣ್ಣುಗಳನ್ನು ಬೇರ್ಪಡಿಸಬಹುದು. ಗಂಡಿನ ಎರಡೂ ಕಣ್ಣುಗಳು ನೆತ್ತಿಯಲ್ಲಿ ಒಂದಕ್ಕೊಂದು ತಾಗಿರುತ್ತವೆ. ಹೆಣ್ಣಿನ ಕಣ್ಣುಗಳ ನಡುವೆ ಅಂತರವಿರುತ್ತದೆ. ಮೀಸೆಗಳು ಬಹಳ ಗಿಡ್ಡ.

ಎದೆ: ಎದೆಯ ಮೇಲ್ಭಾಗವು ಕಂಚಿನ ಹೊಳಪಿನ ಕಪ್ಪು. ಅದರ ಮೇಲೆ ಉದ್ದುದ್ದವಾಗಿ ಮಾಸಲು ಗೆರೆಗಳಿವೆ. ಎರಡು ಪಾರದರ್ಶಕ ರೆಕ್ಕೆಗಳು ಇಲ್ಲಿಂದ ಹೊರಡುತ್ತವೆ. ರೆಕ್ಕೆಯ ನಡುವೆ, ಬೇರೆ ಯಾವ ನಾಳಕ್ಕೂ ಸರಿಯಾಗಿ ಕೂಡದ ಒಂದು ಹುಸಿನಾಳವಿದೆ. ಇದು ಹೂನೊಣಗಳ ಕುಟುಂಬದ ಗುರುತು. ಭೂತಗನ್ನಡಿಯಿದ್ದರೆ ನೀವೂ ಕಾಣಬಹುದು.

ಹೊಟ್ಟೆ: ಹೊಟ್ಟೆ ಕಿತ್ತಳೆ ಮಿಶ್ರಿತ ಹಳದಿ. ಅದರ ಮೇಲೆ ಅಡ್ಡಲಾಗಿ ಕಪ್ಪು ಪಟ್ಟೆಗಳು. ಮೂರನೆಯ ಮತ್ತು ನಾಲ್ಕನೆಯ ಖಂಡಗಳಲ್ಲಿ ಒಂದೊಂದು ಅಗಲವಾದ ಪಟ್ಟೆಯ ಜೊತೆಗೆ ಒಂದೊಂದು ತೆಳುವಾದ ಪಟ್ಟೆಯೂ ಇರುತ್ತದೆ. ಸೀರೆಯ ದೊಡ್ಡ ಅಂಚಿನ ಮೇಲೆ ಇನ್ನೊಂದು ಸಣ್ಣ ಗೀರಂಚು ಎಳೆದಂತೆ ಇದು ಕಾಣುತ್ತದೆ. ಈ ಜೋಡಿಪಟ್ಟೆಯೇ ಈ ಜಾತಿಯ ಮುಖ್ಯ ಲಕ್ಷಣ.

ಎಲ್ಲ ನೊಣಗಳ ಬಣ್ಣವೂ ಒಂದೇ ಸಮ ಇರುವುದಿಲ್ಲ. ಕೋಶದೊಳಗಿದ್ದಾಗ ಚಳಿ ಹೆಚ್ಚಾಗಿದ್ದರೆ ಕಪ್ಪು ಪಟ್ಟೆಗಳು ಅಗಲವಾಗುತ್ತವೆ. ಬೆಚ್ಚಗಿದ್ದರೆ ಕಿತ್ತಳೆ ಬಣ್ಣವೇ ಹೆಚ್ಚಾಗುತ್ತದೆ. ಕಪ್ಪು ಬಣ್ಣವು ಬಿಸಿಲಿನ ಶಾಖವನ್ನು ಬೇಗ ಹೀರುತ್ತದೆಂದು ಭೌತಶಾಸ್ತ್ರದಲ್ಲಿ ಓದಿದ್ದೀರಲ್ಲವೆ? ಚಳಿಯಲ್ಲಿ ಹುಟ್ಟಿದ ನೊಣಕ್ಕೆ ಈ ಕಪ್ಪು ಬಣ್ಣವು ಮೈ ಬೆಚ್ಚಗೆ ಮಾಡಿಕೊಳ್ಳಲು ನೆರವಾಗುತ್ತದೆ.

೩. ಕಣಜದ ವೇಷ, ನೊಣದ ಸ್ವಭಾವ

ಹಳದಿ ಕಪ್ಪು ಪಟ್ಟೆಯನ್ನು ಕಂಡೊಡನೆ ನಾವು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವೆ. ಹಕ್ಕಿಗಳೂ ಹಾಗೆಯೇ. ಒಮ್ಮೆ ಕಣಜವನ್ನು ಹಿಡಿಯಹೋಗಿ ಚುಚ್ಚಿಸಿಕೊಂಡ ಹಕ್ಕಿ ಮುಂದೆ ಅದೇ ಬಣ್ಣದ ಯಾವ ಕೀಟವನ್ನೂ ಸುಲಭವಾಗಿ ಮುಟ್ಟುವುದಿಲ್ಲ. ಹೂನೊಣಕ್ಕೆ ಮುಳ್ಳಿಲ್ಲ, ವಿಷವಿಲ್ಲ; ಆದರೂ ಕಣಜದ ಬಣ್ಣದಿಂದಾಗಿ ಜೀವ ಉಳಿಸಿಕೊಳ್ಳುತ್ತದೆ. ಬಡಪಾಯಿಯೊಬ್ಬ ಪೊಲೀಸರ ಅಂಗಿ ತೊಟ್ಟು ಕತ್ತಲಲ್ಲಿ ನಡೆದಂತೆ! ಅಮೆಜಾನ್ ಕಾಡುಗಳಲ್ಲಿ ಅನೇಕ ವರ್ಷ ಕೀಟಗಳನ್ನು ಸಂಗ್ರಹಿಸಿದ ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಇಂಗ್ಲಿಷ್ ಪ್ರಕೃತಿತಜ್ಞನು ೧೮೬೨ರಲ್ಲಿ ಇಂಥ ಅನುಕರಣೆಯನ್ನು ವಿವರಿಸಿದನು. ಆದುದರಿಂದ ಇದಕ್ಕೆ ಬೇಟ್ಸ್‌ನ ಅನುಕರಣೆ ಎಂದೇ ಹೆಸರು.

ಹಕ್ಕಿ ಮೋಸಹೋದರೆ ಹೋಗಲಿ, ವಿದ್ಯಾರ್ಥಿಗಳಾದ ನಾವು ಮೋಸಹೋಗಬಾರದು. ವ್ಯತ್ಯಾಸಗಳನ್ನು ನೆನಪಿಡಿ.

(ಅ) ಕಣಜ ಮತ್ತು ಜೇನುಹುಳುಗಳಿಗೆ ನಾಲ್ಕು ರೆಕ್ಕೆಗಳು, ಹೂನೊಣಕ್ಕೆ ಎರಡೇ.
(ಆ) ಕಣಜದ ಮೀಸೆ ಉದ್ದ; ಹೂನೊಣದ್ದು ಗಿಡ್ಡ.
(ಇ) ಕಣಜದ ಎದೆ ಹೊಟ್ಟೆಗಳ ನಡುವೆ ದಾರದಂಥ ಸಣ್ಣ ನಡು. ಹೂನೊಣಕ್ಕೆ ಅಂಥ ನಡುವಿಲ್ಲ.
(ಈ) ಹೂನೊಣ ಗಾಳಿಯಲ್ಲಿ ಗೂಟಕ್ಕೆ ಕಟ್ಟಿಹಾಕಿದಂತೆ ಒಂದೇ ಕಡೆ ನಿಲ್ಲುತ್ತದೆ. ಮರುಕ್ಷಣ ಬಾಣದಂತೆ ಪಕ್ಕಕ್ಕೆ ಹಾರಿ ಮತ್ತೆ ನಿಲ್ಲುತ್ತದೆ.

ಹೀಗೆ ಗಾಳಿಯಲ್ಲಿ ನಿಲ್ಲುವುದು ಸುಲಭದ ಕೆಲಸವಲ್ಲ. ನೊಣವು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುತ್ತದೆ. ಇತರ ಕೀಟಗಳಲ್ಲಿ ಹಿಂದಿನ ರೆಕ್ಕೆಗಳಿರುವ ಜಾಗದಲ್ಲಿ ನೊಣಗಳಿಗೆ ತುದಿಯಲ್ಲಿ ಗುಂಡಗಿರುವ ಎರಡು ಪುಟ್ಟ ಕಡ್ಡಿಗಳಿವೆ. ರೆಕ್ಕೆಯ ಜೊತೆಗೇ ಇವೂ ಬಡಿಯುತ್ತವೆ. ದೇಹ ಯಾವ ಕಡೆಗೆ ವಾಲಿದರೂ ಈ ಕಡ್ಡಿಗಳ ಬುಡದಲ್ಲಿರುವ ನರಗಳು ಅದನ್ನು ತಕ್ಷಣ ತಿಳಿಸುತ್ತವೆ. ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯುವವನ ಕೈಯಲ್ಲಿಯ ಉದ್ದ ಕೋಲಿನಂತೆ ಇವು ಸಮತೋಲ ಕಾಯುತ್ತವೆ.

ಬೆವರಿನ ಉಪ್ಪನ್ನು ನೆಕ್ಕಲು ಕೆಲವೊಮ್ಮೆ ಹೂನೊಣ ನಮ್ಮ ಕೈಯ ಮೇಲೆ ಬಂದು ಕೂಡುವುದುಂಟು. ಹೊಡೆಯದೆ ಸುಮ್ಮನೆ ಕುಳಿತು ನೋಡಿರಿ. ಅದು ಏನೂ ಮಾಡುವುದಿಲ್ಲ.

೪. ವಾಸಸ್ಥಾನ ಮತ್ತು ಆಹಾರ

ಎಪಿಸಿರ್ಫಸ್ ಬಾಲ್ಟಿಯೇಟಸ್ ಜಗತ್ತಿನ ಬಹು ವಿಸ್ತಾರವಾದ ಪ್ರದೇಶದಲ್ಲಿ ಹರಡಿರುವ ನೊಣ. ಯುರೋಪ್, ಉತ್ತರ ಆಫ್ರಿಕ, ಏಷ್ಯದ ಬಹುಭಾಗ, ಜಪಾನ್ ಮತ್ತು ಭಾರತದಲ್ಲಿ ಇದು ಇದೆ. ತೋಟ, ಹೊಲದ ಬದು, ಕಾಡಿನ ಅಂಚು, ಊರೊಳಗಿನ ಹೂಗಿಡ, ಎಲ್ಲಿ ಹೂವೂ ಹೇನೂ ಹತ್ತಿರ ಹತ್ತಿರ ಇರುತ್ತವೆಯೋ ಅಲ್ಲಿ ಇದು ಬಾಳುತ್ತದೆ. ಹೂವು ಮತ್ತು ಹೇನು ಎರಡೂ ಏಕೆ ಬೇಕೆಂದರೆ, ತಾಯಿಯ ಊಟ ಬೇರೆ, ಮರಿಯ ಊಟ ಬೇರೆ.

ರೆಕ್ಕೆಯ ನೊಣಕ್ಕೆ ಮಕರಂದ ಮತ್ತು ಪರಾಗ ಬೇಕು. ಮಕರಂದದಲ್ಲಿಯ ಸಕ್ಕರೆ ಹಾರಾಟಕ್ಕೆ ಶಕ್ತಿ ಕೊಡುತ್ತದೆ. ಪರಾಗದಲ್ಲಿಯ ಪ್ರೋಟೀನು ಇಲ್ಲದಿದ್ದರೆ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಗಳು ಬಲಿಯುವುದೇ ಇಲ್ಲ. ಆದರೆ ಈ ನೊಣದ ಸೊಂಡಿಲು ಗಿಡ್ಡ. ಕೊಳವೆಯಂಥ ಆಳದ ಹೂಗಳಲ್ಲಿ ಅದಕ್ಕೆ ಮಕರಂದ ಎಟುಕುವುದಿಲ್ಲ. ಕೊತ್ತಂಬರಿ, ಸಬ್ಬಸಗಿ, ಸಾಸಿವೆಗಳಂಥ ತೆರೆದ ಸಣ್ಣ ಹೂಗಳೇ ಅದಕ್ಕೆ ಹಿತ. ಹೂವಿನಿಂದ ಹೂವಿಗೆ ಹೋಗುವಾಗ ಮೈಗೆ ಅಂಟಿದ ಪರಾಗವನ್ನು ಸಾಗಿಸುವುದರಿಂದ ಪರಾಗಸ್ಪರ್ಶವೂ ಆಗುತ್ತದೆ. ಈ ಕೆಲಸದಲ್ಲಿ ಜೇನುಹುಳುಗಳ ನಂತರದ ಸ್ಥಾನವನ್ನು ಹೂನೊಣಗಳಿಗೆ ಕೊಡುವುದುಂಟು.

ಮರಿಹುಳುವಿಗೆ ಹೂವು ಬೇಡ. ಅದಕ್ಕೆ ಬೇಕಾದದ್ದು ಗಿಡಹೇನು. ನಮ್ಮ ಸುತ್ತಲಿನ ಮರಾಠಿ ರೈತರು ‘ಮಾವಾ’ ಎನ್ನುವುದು ಇದನ್ನೇ. ಕುಸುಬಿಯ ಎಳೆಯ ಕಾಂಡಕ್ಕೆ ಮುತ್ತುವ ಕಪ್ಪು ಹೇನು, ಅಲಸಂದಿಯ ಕುಡಿಗೆ ಹತ್ತುವ ಕಪ್ಪು ಹೇನು, ಜೋಳದ ಎಲೆಯ ಕೆಳಗೆ ಕೂತು ಎಲೆಗಳು ಎಣ್ಣೆ ಬಳಿದಂತೆ ಹೊಳೆಯುವ ಹಾಗೆ ಮಾಡುವ ಹಳದಿ ಹೇನು, ಇವೆಲ್ಲ ಗಿಡಹೇನುಗಳೇ.

ನಮ್ಮ ಬಯಲುಸೀಮೆಯಲ್ಲಿ ಇದರ ಸಮೀಪದ ಬಂಧುವಾದ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಎಂಬ ಹೂನೊಣವೂ ಸಾಮಾನ್ಯ. ಅದರ ಕಪ್ಪು ಹೊಟ್ಟೆಯ ಮೇಲೆ ಹಳದಿ ಪಟ್ಟೆಗಳಿರುತ್ತವೆ. ಜೋಡಿಪಟ್ಟೆ ಇರುವುದಿಲ್ಲ. ಅದರ ಮರಿಹುಳುವೂ ಹೇನನ್ನೇ ತಿನ್ನುತ್ತದೆ. ಎರಡರ ಜೀವನಕ್ರಮವೂ ಬಹುಮಟ್ಟಿಗೆ ಒಂದೇ.

೫. ಜೀವನಚಕ್ರ

ಚಿಟ್ಟೆಯಂತೆ ಹೂನೊಣದ್ದೂ ಪೂರ್ಣ ರೂಪಾಂತರ. ಮೊಟ್ಟೆ, ಮರಿಹುಳು, ಕೋಶ, ಪ್ರೌಢ ನೊಣ ಎಂದು ನಾಲ್ಕು ಹಂತಗಳಿವೆ.

ಮೊಟ್ಟೆ: ಹೇನುಗಳು ರಸ ಹೀರಿ ಹೆಚ್ಚಾದ ಸಕ್ಕರೆಯನ್ನು ಅಂಟಾದ ಸಿಹಿಹನಿಗಳಾಗಿ ಹೊರಹಾಕುತ್ತವೆ. ಈ ಹನಿಗಳ ವಾಸನೆಯನ್ನು ಹಿಡಿದು ತಾಯಿನೊಣ ಹೇನಿನ ಗುಂಪನ್ನು ಹುಡುಕುತ್ತದೆ. ಗುಂಪಿನ ನಡುವೆ ಇಲ್ಲವೆ ಪಕ್ಕದಲ್ಲಿ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆ ಬಿಳಿಯದು, ಉದ್ದುದ್ದನೆಯದು, ಸುಮಾರು ೧ ಮಿಲಿಮೀಟರಿನಷ್ಟು. ಅಕ್ಕಿಯ ನುಚ್ಚಿನಂತೆ ಕಾಣುತ್ತದೆ. ಹೊಟ್ಟೆತುಂಬ ಪರಾಗ ಸಿಕ್ಕಿ ಅನುಕೂಲ ಪರಿಸ್ಥಿತಿಯಿದ್ದರೆ ಒಂದು ಹೆಣ್ಣು ತನ್ನ ಜೀವಮಾನದಲ್ಲಿ ಸಾವಿರಕ್ಕೂ ಮಿಕ್ಕಿ ಮೊಟ್ಟೆಗಳನ್ನು ಇಡಬಲ್ಲದು. ಬೆಚ್ಚನೆಯ ದಿನಗಳಲ್ಲಿ ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ.

ಇಲ್ಲಿ ತಾಯಿಯ ವಿವೇಕವನ್ನು ಗಮನಿಸಿರಿ. ಮೊಟ್ಟೆಯೊಡೆದು ಬರುವ ಮರಿಗೆ ಕಾಲಿಲ್ಲ, ಕಣ್ಣಿಲ್ಲ. ಅದು ದೂರ ಹೋಗಿ ಆಹಾರ ಹುಡುಕಲಾರದು. ಆದುದರಿಂದ ತಾಯಿ ತುಂಬಿದ ಕಣಜದ ಬಾಗಿಲಲ್ಲಿಯೇ ಅದನ್ನು ಇಟ್ಟುಹೋಗುತ್ತದೆ.

ಮರಿಹುಳು: ರೈತನ ಕಣ್ಣಿಗೆ ಬೀಳುವ ಹಂತ ಇದು; ಅವನು ತಪ್ಪು ತಿಳಿಯುವ ಹಂತವೂ ಇದೇ. ಮರಿಹುಳುವಿನ ಮುಂಭಾಗ ಚೂಪು, ಹಿಂಭಾಗ ದಪ್ಪ. ಬೇರೆಯಾದ ತಲೆ ಕಾಣುವುದಿಲ್ಲ. ಚರ್ಮ ತೆಳುವಾಗಿರುವುದರಿಂದ ಒಳಗಿನ ಬಿಳಿಯ ಕೊಬ್ಬು ಮತ್ತು ಕರುಳು ಹೊರಗೇ ಕಾಣುತ್ತವೆ. ಹಿಂಬದಿಯಲ್ಲಿ ಉಸಿರಾಟದ ಪುಟ್ಟ ಕೊಳವೆಗಳಿವೆ. ಪೂರ್ತಿ ಬೆಳೆದಾಗ ಉದ್ದ ಸುಮಾರು ಒಂದು ಸೆಂಟಿಮೀಟರ್. ನೋಡಲು ಪುಟ್ಟ ಜಿಗಣೆಯಂತೆ ಇರುವುದರಿಂದ ಯಾರಿಗಾದರೂ ಅಸಹ್ಯವೆನಿಸಿದರೆ ಆಶ್ಚರ್ಯವಿಲ್ಲ.

ಇದು ಬೇಟೆಯಾಡುವ ರೀತಿ ವಿಚಿತ್ರ. ಹಿಂಭಾಗದಿಂದ ಎಲೆಯನ್ನು ಹಿಡಿದುಕೊಂಡು ಮುಂಭಾಗವನ್ನು ಎಡಕ್ಕೂ ಬಲಕ್ಕೂ ಬೀಸುತ್ತದೆ. ಕಣ್ಣಿಲ್ಲದವರು ಕೋಲಿನಿಂದ ದಾರಿ ತಡವಿದಂತೆ ತಡವುತ್ತದೆ. ಹೇನು ತಾಗಿದೊಡನೆ ಬಾಯಿಯ ಕೊಕ್ಕೆಗಳಿಂದ ಹಿಡಿದು ಗಿಡದಿಂದ ಮೇಲಕ್ಕೆತ್ತುತ್ತದೆ. ಕಾಲಿಗೆ ಆಸರೆ ತಪ್ಪಿದ ಹೇನು ಓಡಲಾರದು. ಒಳಗಿನ ರಸವನ್ನೆಲ್ಲ ಹೀರಿ ಒಣ ಸಿಪ್ಪೆಯನ್ನು ಬಿಸುಡುತ್ತದೆ. ಮತ್ತೆ ಮುಂದಿನ ಹೇನು. ಈ ಜಾತಿಯ ಮರಿಹುಳು ಹೆಚ್ಚಾಗಿ ರಾತ್ರಿಯ ಹೊತ್ತು ಚುರುಕಾಗಿದ್ದು, ಹಗಲಲ್ಲಿ ಎಲೆಯ ಮರೆಯಲ್ಲಿರುತ್ತದೆ. ಹಗಲು ಹೊಲಕ್ಕೆ ಹೋಗಿ ಬರುವವರ ಕಣ್ಣಿಗೆ ಇದರ ಕೆಲಸ ಬೀಳದಿರಲು ಇದೂ ಒಂದು ಕಾರಣ.

ಮರಿಹುಳು ಎರಡು ಸಲ ಪೊರೆ ಕಳಚಿ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಬೆಚ್ಚನೆಯ ಹವೆಯಲ್ಲಿ ಎಂಟು ಹತ್ತು ದಿನ, ಚಳಿಯಲ್ಲಿ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಈ ಅವಧಿಯಲ್ಲಿ ಒಂದೊಂದು ಮರಿಯೂ ನೂರಾರು ಹೇನುಗಳನ್ನು ತಿನ್ನುತ್ತದೆ. ಮೂರನೆಯ ಹಂತದಲ್ಲಿ ಹಸಿವು ಅತಿ ಹೆಚ್ಚು. ಒಟ್ಟು ಊಟದ ಬಹುಪಾಲು ಆಗಲೇ ನಡೆಯುತ್ತದೆ. ಇನ್ನೊಂದು ವಿಶೇಷವೆಂದರೆ, ತಿನ್ನುವ ದಿನಗಳಲ್ಲೆಲ್ಲ ಅದು ಮಲ ವಿಸರ್ಜಿಸುವುದಿಲ್ಲ. ಕೋಶಕ್ಕೆ ಹೋಗುವ ಮುನ್ನ ಒಮ್ಮೆಲೆ ಡಾಂಬರಿನಂಥ ಕಪ್ಪು ಹನಿಯನ್ನು ಹೊರಹಾಕುತ್ತದೆ. ಎಲೆಯ ಮೇಲೆ ಅಂಥ ಕಲೆ ಕಂಡರೆ ಸಮೀಪದಲ್ಲಿ ಕೋಶವನ್ನು ಹುಡುಕಬಹುದು.

ಕೋಶ: ಊಟ ಮುಗಿದ ಮೇಲೆ ಮರಿಹುಳು ಎಲೆಗೆ ಅಂಟಿಕೊಂಡು ಇಲ್ಲವೆ ನೆಲಕ್ಕಿಳಿದು ನಿಶ್ಚಲವಾಗುತ್ತದೆ. ಅದರ ಕೊನೆಯ ಚರ್ಮವೇ ಗಟ್ಟಿಯಾಗಿ ಪೆಟ್ಟಿಗೆಯಂತಾಗುತ್ತದೆ. ಆಕಾರ ನೀರಿನ ಹನಿಯಂತೆ. ಒಂದು ತುದಿ ಗುಂಡಗೆ, ಇನ್ನೊಂದು ತುದಿ ಸಣ್ಣಗೆ. ಒಳಗೆ ಹಳೆಯ ದೇಹ ಕರಗಿ ಕಣ್ಣು, ಕಾಲು, ರೆಕ್ಕೆಗಳುಳ್ಳ ಹೊಸ ದೇಹ ರೂಪುಗೊಳ್ಳುತ್ತದೆ. ಕೊನೆಕೊನೆಗೆ ಕೋಶದ ಗೋಡೆಯ ಮೂಲಕ ನೊಣದ ಪಟ್ಟೆಗಳು ಮಸುಕಾಗಿ ಕಾಣತೊಡಗುತ್ತವೆ. ಒಂದು ವಾರಕ್ಕೆ ಅಥವಾ ಹತ್ತು ದಿನಕ್ಕೆ ಗುಂಡಗಿನ ತುದಿಯ ಮುಚ್ಚಳ ತೆರೆದು ನೊಣ ಹೊರಬರುತ್ತದೆ.

ಪ್ರೌಢ ನೊಣ: ಹೊರಬಂದ ನೊಣ ಮೊದಲು ಮಾಸಲು ಬಣ್ಣದ್ದಾಗಿರುತ್ತದೆ. ರೆಕ್ಕೆಗಳು ಮುದುಡಿರುತ್ತವೆ. ಸ್ವಲ್ಪ ಹೊತ್ತಿನಲ್ಲಿ ರೆಕ್ಕೆ ಬಿಚ್ಚಿ ಗಟ್ಟಿಯಾಗುತ್ತವೆ, ಬಣ್ಣ ಏರುತ್ತದೆ. ಹೂಗಳ ಮೇಲೆ ಪರಾಗ ತಿಂದು, ಜೊತೆಗೂಡಿ, ಹೆಣ್ಣು ಮತ್ತೆ ಹೇನಿನ ಗುಂಪನ್ನು ಅರಸಿ ಹೊರಡುತ್ತದೆ. ಹೀಗೆ ಮೊಟ್ಟೆಯಿಂದ ನೊಣದವರೆಗೆ ಬೆಚ್ಚನೆಯ ಹವೆಯಲ್ಲಿ ಸುಮಾರು ಮೂರು ವಾರ ಸಾಕು. ಈ ಮೂರು ವಾರದ ಲೆಕ್ಕವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

೬. ಹೂನೊಣದ ವೈರಿಗಳು

ಜೇಡ ಮತ್ತು ಹಕ್ಕಿಗಳು ಹೂನೊಣವನ್ನು ಹಿಡಿಯುತ್ತವೆ. ಡಿಪ್ಲಾಜಾನ್ ಲೀಟಟೋರಿಯಸ್ ಎಂಬ ಸಣ್ಣ ಕಣಜವು ಹೂನೊಣದ ಮೊಟ್ಟೆ ಅಥವಾ ಎಳೆಯ ಮರಿಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮುಂದೆ ಕೋಶದಿಂದ ನೊಣದ ಬದಲು ಕಣಜವೇ ಹೊರಬರುತ್ತದೆ! ಇರುವೆಗಳೂ ಮರಿಹುಳುವಿನ ವೈರಿಗಳು. ಹೇನು ಹೊರಹಾಕುವ ಸಿಹಿಹನಿಗಾಗಿ ಇರುವೆಗಳು ಹೇನನ್ನು ದನ ಕಾಯ್ದಂತೆ ಕಾಯುತ್ತವೆ. ತಿನ್ನಲು ಬಂದ ಮರಿಹುಳುವನ್ನು ಕಚ್ಚಿ ಓಡಿಸುತ್ತವೆ. ಇವೆಲ್ಲ ನಿಸರ್ಗದ ಸಮತೋಲದ ಭಾಗ. ಇವುಗಳಿಂದ ಹೂನೊಣದ ಕುಲ ನಾಶವಾಗುವುದಿಲ್ಲ.

೭. ಪುಟ್ಟ ರೆಕ್ಕೆ, ದೂರದ ಪಯಣ

ಯುರೋಪಿನಲ್ಲಿ ಈ ನೊಣ ಹಕ್ಕಿಗಳಂತೆ ವಲಸೆ ಹೋಗುತ್ತದೆ. ಚಳಿಗಾಲ ಸಮೀಪಿಸಿದಂತೆ ಅನೇಕ ನೊಣಗಳು ಉತ್ತರದಿಂದ ದಕ್ಷಿಣಕ್ಕೆ ಹಾರುತ್ತವೆ. ವಸಂತದಲ್ಲಿ ಮತ್ತೆ ಉತ್ತರಕ್ಕೆ ಬರುತ್ತವೆ. ೧೯೫೦ರ ಅಕ್ಟೋಬರದಲ್ಲಿ ಪಕ್ಷಿತಜ್ಞ ಡೇವಿಡ್ ಲ್ಯಾಕ್ ಮತ್ತು ಅವರ ಪತ್ನಿ ಎಲಿಜಬೆತ್ ಲ್ಯಾಕ್ ಫ್ರಾನ್ಸ್ ಹಾಗೂ ಸ್ಪೇನ್ ನಡುವಿನ ಪಿರೆನೀಸ್ ಪರ್ವತದ ಒಂದು ಕಣಿವೆದಾರಿಯಲ್ಲಿ ಹಕ್ಕಿಗಳನ್ನು ನೋಡಲು ನಿಂತಿದ್ದರು. ಅಲ್ಲಿ ಹಕ್ಕಿಗಳ ಜೊತೆಗೆ ಚಿಟ್ಟೆ, ಕೊಡತಿಹುಳು, ಹೂನೊಣಗಳ ಪ್ರವಾಹವೇ ದಕ್ಷಿಣಕ್ಕೆ ಹರಿಯುವುದನ್ನು ಕಂಡರು. ೨೦೧೯ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ರಾಡಾರ್ ಯಂತ್ರಗಳ ನೆರವಿನಿಂದ ಎಣಿಕೆ ಮಾಡಲಾಯಿತು. ಎಪಿಸಿರ್ಫಸ್ ಬಾಲ್ಟಿಯೇಟಸ್ ಮತ್ತು ಇನ್ನೊಂದು ಹೂನೊಣ, ಈ ಎರಡು ಜಾತಿಗಳು ಸೇರಿ ವರ್ಷಕ್ಕೆ ೪೦೦ ಕೋಟಿಯವರೆಗೆ ದಕ್ಷಿಣ ಬ್ರಿಟನ್ನಿನ ಆಕಾಶದಲ್ಲಿ ಬಂದು ಹೋಗುತ್ತವೆಂದು ತಿಳಿದುಬಂತು. ಅಂಗೈಯಲ್ಲಿ ಇಟ್ಟರೆ ಭಾರವೇ ತಿಳಿಯದ ಜೀವಿಯ ಸಾಹಸ ಇದು!

೮. ಹೊಲದಲ್ಲಿ ನಡೆಯುವ ಯುದ್ಧ

ಈಗ ನಮ್ಮ ಕುಸುಬಿ ಹೊಲಕ್ಕೆ ಬರೋಣ. ಗಿಡಹೇನಿನ ಬಲ ಅದರ ಸಂತಾನದಲ್ಲಿದೆ. ಹೆಣ್ಣು ಹೇನು ಗಂಡಿನ ಸಹಾಯವಿಲ್ಲದೆ, ಮೊಟ್ಟೆಯನ್ನೂ ಇಡದೆ, ನೇರವಾಗಿ ಮರಿ ಹಾಕುತ್ತದೆ. ಆ ಮರಿಗಳು ಒಂದು ವಾರ ಹತ್ತು ದಿನದಲ್ಲಿ ತಾವೇ ತಾಯಿಯಾಗುತ್ತವೆ. ಲೆಕ್ಕಕ್ಕಾಗಿ ಒಂದು ಹೇನು ೪೦ ಮರಿ ಹಾಕುತ್ತದೆಂದು ಇಟ್ಟುಕೊಳ್ಳೋಣ. ಎರಡನೆಯ ತಲೆಮಾರಿಗೆ ೧,೬೦೦. ಮೂರನೆಯ ತಲೆಮಾರಿಗೆ ೬೪,೦೦೦. ಹೊಲ ಹೇನುಮಯವಾಗದೆ ಇರುವುದಕ್ಕೆ ಕಾರಣ ಹೂನೊಣದ ಮರಿ, ಗುಲಗಂಜಿ ಹುಳು ಮೊದಲಾದ ಬೇಟೆಗಾರರು ಪ್ರತಿದಿನ ಈ ಲೆಕ್ಕವನ್ನು ಕಡಿಮೆ ಮಾಡುತ್ತಿರುವುದು.

ಆದರೆ ರೈತನು ಕುಡಿಯ ಮೇಲೆ ಹೇನನ್ನೂ ಅದರ ನಡುವೆ ಹರಿದಾಡುವ ಹುಳುವನ್ನೂ ಕಂಡು, ಎರಡೂ ಸೇರಿ ಗಿಡವನ್ನು ತಿನ್ನುತ್ತಿವೆಯೆಂದು ತಿಳಿಯುತ್ತಾನೆ. ಕೂಡಲೆ ‘ಎಣ್ಣೆ ಹೊಡೆಯುವ’ ಸಿದ್ಧತೆ. ವಿಷಕ್ಕೆ ಕಳ್ಳ ಯಾರು, ಕಾವಲುಗಾರ ಯಾರು ಎಂಬ ಭೇದವಿಲ್ಲ. ಲೆಕ್ಕಕ್ಕಾಗಿ ನೂರು ಹೇನುಗಳಲ್ಲಿ ೯೫ ಸತ್ತು, ಎಲೆಯ ಮರೆಯಲ್ಲಿದ್ದ ೫ ಉಳಿದವೆನ್ನೋಣ. ಮರಿಹುಳುಗಳು ಎಲ್ಲವೂ ಸತ್ತವೆನ್ನೋಣ. ಉಳಿದ ಐದು ಹೇನುಗಳಿಂದ ಸುಮಾರು ಹತ್ತು ದಿನದಲ್ಲಿ ಇನ್ನೂರು ಹೇನುಗಳಾಗುತ್ತವೆ. ಹೂನೊಣದ ಹೊಸ ತಲೆಮಾರಿಗೆ ಮೂರು ವಾರ ಬೇಕೆಂದು ಹಿಂದೆ ಹೇಳಿದೆವಲ್ಲ, ಅಷ್ಟರಲ್ಲಿ ಹೇನುಗಳು ಎರಡು ತಲೆಮಾರು ಮುಂದೆ ಹೋಗಿರುತ್ತವೆ. ಕಾವಲಿಲ್ಲದ ಹೊಲದಲ್ಲಿ ಅವನ್ನು ತಡೆಯುವವರಿಲ್ಲ. ಮತ್ತೆ ಔಷಧಿ, ಮತ್ತೆ ಸಾಲ. ಕೀಟನಾಶಕವು ಎಂದೂ ಬೇಡವೆಂದು ಇದರ ಅರ್ಥವಲ್ಲ. ನೋಡದೆ, ಎಣಿಸದೆ ಹೊಡೆದರೆ ಹಣ ಕೊಟ್ಟು ಗೆಳೆಯನನ್ನು ಕೊಂದಂತಾಗುತ್ತದೆಂಬುದೇ ಇಲ್ಲಿಯ ಮಾತು.

೯. ಪಾಲಕರಲ್ಲಿ ಒಂದು ವಿನಂತಿ

ಮಕ್ಕಳ ಕೈಯಿಂದ ಈ ಸಂಚಿಕೆಯನ್ನು ಓದಿಸಿ ಕೇಳುವ ಪಾಲಕರು ಕೆಳಗಿನ ಮಾತುಗಳನ್ನು ಗಮನಿಸಬೇಕು.

(ಅ) ಕುಸುಬಿಯನ್ನು ತಡವಾಗಿ ಬಿತ್ತಿದಷ್ಟೂ ಹೇನಿನ ಕಾಟ ಹೆಚ್ಚು. ಹದ ಸಿಕ್ಕರೆ ಸೆಪ್ಟೆಂಬರದ ಕೊನೆಯಿಂದ ಅಕ್ಟೋಬರದ ಮೊದಲ ಹದಿನೈದು ದಿನದೊಳಗೆ ಬಿತ್ತನೆ ಮುಗಿಸುವುದು ಲೇಸು.

(ಆ) ಹೇನು ಮೊದಲು ಕಾಣುವುದು ಹೊಲದ ಅಂಚಿನ ಸಾಲುಗಳಲ್ಲಿ. ಆಗ ಅಂಚಿನ ಮುತ್ತಿದ ಗಿಡಗಳನ್ನಷ್ಟೇ ನೋಡಿಕೊಂಡರೆ ಇಡೀ ಹೊಲಕ್ಕೆ ವಿಷ ಹೊಡೆಯುವ ಖರ್ಚು ತಪ್ಪಬಹುದು.

(ಇ) ಔಷಧಿ ಹೊಡೆಯುವ ಮುನ್ನ ಹೊಲದ ಬೇರೆ ಬೇರೆ ಕಡೆ ಹತ್ತು ಗಿಡಗಳ ಕುಡಿಗಳನ್ನು ಪರೀಕ್ಷಿಸಿರಿ. ಹೇನಿನ ನಡುವೆ ಕಾಲಿಲ್ಲದ ಮರಿಹುಳು, ಗುಲಗಂಜಿ ಹುಳು, ಒಣಗಿದ ಹೇನಿನ ಸಿಪ್ಪೆಗಳು ಹೆಚ್ಚಾಗಿ ಕಂಡರೆ ಎರಡು ಮೂರು ದಿನ ತಡೆದು ಮತ್ತೆ ಎಣಿಸಿರಿ. ಹೇನು ಇಳಿಮುಖವಾಗಿದ್ದರೆ ನಿಮ್ಮ ಕೆಲಸವನ್ನು ಅವೇ ಮಾಡುತ್ತಿವೆ. ಏರುತ್ತಲೇ ಇದ್ದರೆ ಕೃಷಿ ಅಧಿಕಾರಿಗಳ ಸಲಹೆಯಂತೆ ನಡೆಯಿರಿ.

(ಈ) ಬದುವಿನಲ್ಲಿ, ಅಕ್ಕಡಿ ಸಾಲಿನಲ್ಲಿ ಕೊತ್ತಂಬರಿ, ಸಬ್ಬಸಗಿ ಹಾಕಿ ಕೆಲವು ಗಿಡಗಳನ್ನು ಹೂವಾಗಲು ಬಿಡಿರಿ. ನಮ್ಮ ಹಿರಿಯರು ಕಡಲೆಯ ಜೊತೆ ಕೊತ್ತಂಬರಿ ಹಾಕುತ್ತಿದ್ದುದು ಮನೆಯ ಅಡಿಗೆಗಾಗಿ. ಅದು ಹೂನೊಣಕ್ಕೂ ಊಟವಾಗುತ್ತದೆ. ತಾಯಿಗೆ ಪರಾಗ ಸಿಕ್ಕಲ್ಲಿ ಮರಿ ಹೆಚ್ಚು.

(ಉ) ಮನೆಯ ಹಿತ್ತಲಿನ ಅವರೆ, ಬದನೆ ಗಿಡಗಳಿಗೆ ಹೇನು ಬಂದರೆ ನೀರನ್ನು ಜೋರಾಗಿ ಚಿಮುಕಿಸಿ ಉದುರಿಸಿದರೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ.

೧೦. ಮಾಡಿ ನೋಡಿ ತಿಳಿಯಿರಿ

ಚಳಿಗಾಲದಲ್ಲಿ ಹೇನು ಮುತ್ತಿದ ಒಂದು ಕುಡಿಯನ್ನು ಒಬ್ಬ ಹೂನೊಣದ ಮರಿಯೊಂದಿಗೆ ಕೊಯ್ದು ತನ್ನಿರಿ. ಆಗತಾನೆ ಔಷಧಿ ಹೊಡೆದ ಹೊಲಕ್ಕೆ ಹೋಗಬೇಡಿರಿ. ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಕುಡಿಯನ್ನಿಟ್ಟು ಬಾಯಿಗೆ ತೆಳುವಾದ ಅರಿವೆ ಕಟ್ಟಿರಿ. ಭರಣಿಯನ್ನು ನೆರಳಿನಲ್ಲಿಡಿರಿ. ದಿನವೂ ಸಂಜೆ ಹೊಸ ಕುಡಿಯನ್ನು ಹೇನುಗಳನ್ನು ಎಣಿಸಿ ಹಾಕಿರಿ. ಮರುದಿನ ಉಳಿದವನ್ನು ಎಣಿಸಿ ಕಳೆಯಿರಿ. ದಿನಾಂಕ, ಹಾಕಿದ ಹೇನು, ಉಳಿದ ಹೇನು, ಮರಿಯ ಉದ್ದ ಎಂದು ನಾಲ್ಕು ಕಲಮುಗಳ ಪಟ್ಟಿಯನ್ನು ವಹಿಯಲ್ಲಿ ಬರೆಯಿರಿ. ಮರಿ ಕೋಶವಾದ ದಿನ, ನೊಣ ಹೊರಬಂದ ದಿನ ಗುರುತಿಸಿರಿ. ನೊಣದ ಕಣ್ಣು ನೋಡಿ ಗಂಡೋ ಹೆಣ್ಣೋ ನಿರ್ಧರಿಸಿ, ಹೊಟ್ಟೆಯ ಪಟ್ಟೆ ನೋಡಿ ಜಾತಿಯನ್ನು ಗುರುತಿಸಿ, ಹೂವಿರುವ ಕಡೆ ಬಿಟ್ಟುಬಿಡಿರಿ. ಆ ವಹಿಯನ್ನು ನಿಮ್ಮ ತಂದೆಯವರಿಗೂ ಅಜ್ಜನವರಿಗೂ ತೋರಿಸಿರಿ. ಒಂದು ಹುಳು ಎಷ್ಟು ಹೇನು ತಿಂದಿತೆಂಬುದನ್ನು ಮಗನೋ ಮಗಳೋ ಬರೆದಿಟ್ಟ ಲೆಕ್ಕದಲ್ಲಿ ಕಂಡಾಗ ಅವರಿಗೆ ಆಗುವ ನಂಬಿಕೆ ನೂರು ಭಾಷಣಗಳಿಂದ ಆಗಲಾರದು.

ಉಪಸಂಹಾರ

ಮನುಷ್ಯನು ಹೆಸರು ತಿಳಿಯದ ಜೀವಿಯನ್ನು ಒಂದೋ ಹೆದರಿ ದೂರವಿಡುತ್ತಾನೆ, ಇಲ್ಲವೆ ಕೊಲ್ಲುತ್ತಾನೆ. ಗುರುತು ಸಿಕ್ಕಮೇಲೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ಹೂನೊಣ ನಮ್ಮಿಂದ ಕೂಲಿ ಕೇಳುವುದಿಲ್ಲ. ಬದುವಿನ ಮೇಲೆ ನಾಲ್ಕು ಹೂವು ಮತ್ತು ವಿಷವಿಲ್ಲದ ಕೆಲವು ದಿನ, ಇಷ್ಟೇ ಅದರ ಬೇಡಿಕೆ. ಈ ಹಿಂಗಾರಿಯಲ್ಲಿ ಹೊಲಕ್ಕೆ ಹೋದಾಗ ಕುಡಿಯ ಮೇಲಿನ ಹುಳುವನ್ನು ಹೊಸಕುವ ಮೊದಲು ಬಾಗಿ ನೋಡಿರಿ. ಅದಕ್ಕೆ ಕಾಲುಗಳಿವೆಯೆ? ಅದು ಎಲೆಯನ್ನು ತಿನ್ನುತ್ತಿದೆಯೆ, ಹೇನನ್ನು ಎತ್ತಿ ಹಿಡಿದಿದೆಯೆ? ಈ ಎರಡು ಪ್ರಶ್ನೆಗಳನ್ನು ಕೇಳಲು ಕಲಿತರೆ ಸಾಕು.

ಅಭ್ಯಾಸ

೧. ಹೂನೊಣ ಮತ್ತು ಕಣಜಗಳ ನಡುವಿನ ಮೂರು ವ್ಯತ್ಯಾಸಗಳನ್ನು ಬರೆಯಿರಿ.
೨. ಹೆಣ್ಣು ಹೂನೊಣಕ್ಕೆ ಪರಾಗ ಏಕೆ ಅವಶ್ಯ?
೩. ತಾಯಿನೊಣ ಹೇನಿನ ಗುಂಪಿನ ಹತ್ತಿರವೇ ಮೊಟ್ಟೆ ಇಡಲು ಕಾರಣವೇನು?
೪. ಔಷಧಿ ಹೊಡೆದ ಕೆಲವು ದಿನಗಳಲ್ಲಿಯೇ ಹೇನುಗಳು ಮತ್ತೆ ಹೆಚ್ಚಾಗುವುದೇಕೆ? ಎರಡು ಕೀಟಗಳ ಜೀವನಚಕ್ರದ ಅವಧಿಗಳನ್ನು ಹೋಲಿಸಿ ವಿವರಿಸಿರಿ.
೫. ಎಪಿಸಿರ್ಫಸ್ ಬಾಲ್ಟಿಯೇಟಸ್ ನೊಣದ ಜೀವನಚಕ್ರದ ನಾಲ್ಕು ಹಂತಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿರಿ.